ಅಪ್ಪನ ಲೇತ್ ಬಿಚ್ಚುವ ಮುಂಚೆ

ಪ್ರಶ್ನೆ: ಪೀಣ್ಯದ ನಮ್ಮ ಶೆಡ್‌ನಲ್ಲಿ ಅಪ್ಪನ ಹಳೇ ಎಚ್‌ಎಂಟಿ ಲೇತ್ (ಲೋಹ ತಿರುಗಿಸಿ ಕಡೆಯುವ ಯಂತ್ರ) 15 ವರ್ಷದಿಂದ ತುಕ್ಕು ಹಿಡಿದು ನಿಂತಿದೆ. ಪೂರ್ತಿ ಬಿಚ್ಚಿ ಎಮರಿ ಹಾಳೆಯಲ್ಲಿ ಉಜ್ಜಲಾ?

ಉತ್ತರ: ಮೊದಲು ಆ ಎಮರಿ ಕೆಳಗಿಡಿ! ಬೆಡ್ (ಲೇತಿನ ಉದ್ದನೆಯ ಹಳಿಯಂಥ ತಳ) ಮೇಲೆ ಅದನ್ನು ಉಜ್ಜಿದರೆ ತುಕ್ಕಿನ ಜೊತೆ ಅಳತೆಯ ನಿಖರತೆಯೂ ಹೋಗುತ್ತದೆ. ಸೀಮೆಎಣ್ಣೆ ಬಳಿದು ಒಂದು ರಾತ್ರಿ ಬಿಡಿ, ಆಮೇಲೆ ಹಿತ್ತಾಳೆ ತುಂಡಿನಿಂದ ಮೆಲ್ಲಗೆ ಕೆರೆಯಿರಿ. ಬಿಚ್ಚುವಾಗ ಫೋಟೋ ತೆಗೆಯುತ್ತಾ ಹೋಗಿ. ಭಾಗಗಳ ಸಂದಿಯಲ್ಲಿಡುವ ತೆಳು ಲೋಹದ ಹಾಳೆಗಳು, ಅಂದರೆ ಶಿಮ್‌ಗಳು, ಎಲ್ಲಿದ್ದವೋ ಅಲ್ಲೇ ವಾಪಸ್ ಕೂರಬೇಕು. ನಾನೊಮ್ಮೆ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಎರಡು ಭಾನುವಾರ ಹಾಳು ಮಾಡಿಕೊಂಡೆ. ಹೆಡ್‌ಸ್ಟಾಕ್ (ತಿರುಗುವ ಭಾಗ ಇರುವ ಎಡತುದಿಯ ಪೆಟ್ಟಿಗೆ) ಮುಟ್ಟುವ ಮುಂಚೆ ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಇಟ್ಟು ಸ್ಪಿಂಡಲ್ (ಅದರೊಳಗೆ ತಿರುಗುವ ದಂಡ) ಅಲ್ಲಾಡುತ್ತದಾ ನೋಡಿ. ಸರಿಯಿದ್ದರೆ ಸುಮ್ನೆ ಬೇರಿಂಗ್ ಕೀಳಬೇಡಿ. ಬೆಡ್ ಸವೆತ ಲೋಹದ ತುಂಡನ್ನು ಹಿಡಿಯುವ ಚಕ್ ಹತ್ತಿರವೇ ಜಾಸ್ತಿ, ಕೆಲಸವೆಲ್ಲ ನಡೆಯುವುದು ಅಲ್ಲೇ ಅಲ್ವಾ? ಬಣ್ಣ ಕೊನೆಗೆ.