ಅಪಲೇಚಿಯನ್ ಪರ್ವತಗಳ ಸುಣ್ಣಯುಕ್ತ ಕಣಿವೆಕಾಡುಗಳಲ್ಲಿ ನೆಲದ ಗಿಡಗಳು ಅಷ್ಟು ಹುಲುಸಾಗಿರುವುದೇಕೆ?

ಮುಖ್ಯ ಕಾರಣ ಮಣ್ಣಿನಲ್ಲಿ ಹೇರಳವಾಗಿರುವ ಕ್ಯಾಲ್ಸಿಯಂ. ಅಮೆರಿಕದ ದಕ್ಷಿಣ ಅಪಲೇಚಿಯನ್ ಶ್ರೇಣಿಯಲ್ಲಿ, ಇಳಿಜಾರುಗಳ ನಡುವಿನ ಮರೆಯಾದ ತಗ್ಗುಗಳಲ್ಲಿ ತೇವವೂ ಮೇಲಿನಿಂದ ಜಾರಿಬಂದ ಮಣ್ಣೂ ಶೇಖರವಾಗುತ್ತವೆ. ಗ್ರೇಟ್ ಸ್ಮೋಕಿ ಪರ್ವತಗಳ ವೈಟ್ ಓಕ್ ಸಿಂಕ್ ಎಂಬ ತಗ್ಗಿನಲ್ಲಿರುವಂತೆ ಅಡಿಯಲ್ಲಿ ಸುಣ್ಣಕಲ್ಲಿದ್ದರೆ ಆ ಮಣ್ಣಿನ ಹುಳಿಗುಣ, ಅಂದರೆ ಆಮ್ಲೀಯತೆ, ತಗ್ಗುತ್ತದೆ. ಬಾಸ್‌ವುಡ್, ಶುಗರ್ ಮೇಪಲ್ ಮರಗಳು ಬೇರಿನಿಂದ ಹೀರಿದ ಕ್ಯಾಲ್ಸಿಯಂ ಎಲೆಗಳನ್ನು ಸೇರುತ್ತದೆ; ಉದುರಿದ ಎಲೆಗಳು ಬೇಗನೆ ಕೊಳೆತು ಅದನ್ನು ಮೇಲ್ಮಣ್ಣಿಗೆ ಮರಳಿಸುತ್ತವೆ. ಇಷ್ಟೇ ಮಹತ್ವದ್ದೆಂದು ನಾನು ಭಾವಿಸುವ ಇನ್ನೊಂದು ಸಂಗತಿಯಿದೆ: ಆಮ್ಲೀಯ ಮಣ್ಣನ್ನು ಬಯಸುವ, ವರ್ಷವಿಡೀ ನೆಲಕ್ಕೆ ದಟ್ಟ ನೆರಳು ಕವಿಸುವ ರೋಡೋಡೆಂಡ್ರಾನ್ ಪೊದೆಗಳು ಇಲ್ಲಿ ವಿರಳ.

ಹೀಗಾಗಿ ಮರಗಳು ಚಿಗುರುವ ಮೊದಲೇ, ವಸಂತದ ಬಿಸಿಲಿನಲ್ಲಿ ಟ್ರಿಲಿಯಂ, ಬ್ಲಡ್‌ರೂಟ್ ಮೊದಲಾದ ಕಾಡುಹೂವಿನ ಗಿಡಗಳು ಅರಳುತ್ತವೆ. ಬ್ಲಡ್‌ರೂಟ್‌ನ ಒಂಟಿ ಎಲೆ ಬಿಳಿ ಹೂವಿನ ತೊಟ್ಟನ್ನು ಸುತ್ತಿಕೊಂಡೇ ನೆಲದಿಂದ ಮೇಲೇಳುತ್ತದೆ. ಗೆಡ್ಡೆಯನ್ನು ಮುರಿದರೆ ಕೆಂಪು ಕಿತ್ತಳೆ ಬಣ್ಣದ ರಸ ಒಸರುತ್ತದೆ. ಇದರ ಬೀಜಕ್ಕೆ ಅಂಟಿರುವ ಕೊಬ್ಬಿನ ತುಣುಕಿನ ಆಸೆಗೆ ಇರುವೆಗಳು ಬೀಜವನ್ನು ಹೊತ್ತೊಯ್ಯುತ್ತವೆ, ಆದರೆ ಸಾಮಾನ್ಯವಾಗಿ ಕೆಲವೇ ಮೀಟರುಗಳಷ್ಟು ದೂರ. ಆದುದರಿಂದಲೇ ಕಡಿದ ಕಾಡಿನಲ್ಲಿ ಮರಗಳು ಮತ್ತೆ ಎದ್ದು ನಿಂತರೂ, ಇಂತಹ ಗಿಡಗಳು ಹಿಂದಿರುಗಲು ಹಲವು ದಶಕಗಳೇ ಬೇಕಾಗುತ್ತವೆ.