ಕಡಲ ಮೇಲೆ ಮಲಗುವವರನ್ನು ಕೇಳದೆ ಊರು ಕಟ್ಟೋದು ಹೇಗೆ?

ಓದುಗರ ಪತ್ರ: "ಸಂಪಾದಕರೇ, ಕಡಲ ಮೇಲೆ ಜನವಸತಿ ಕಟ್ಟಲು ಯಾವ ದಾರಿ ಒಳ್ಳೆಯದು ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನೇ ಕೇಳಿದ್ದೀರಿ. ಹಳೆಯ ಹಡಗು ಕೊಳ್ಳುವುದೋ, ತೀರದ ಹತ್ತಿರ ಶಾಂತ ನೀರಿನಲ್ಲಿ ತೇಲುವ ಮನೆಗಳಿಂದ ಶುರು ಮಾಡುವುದೋ, ಒಂದೇ ಸಲಕ್ಕೆ ತೆರೆದ ಸಮುದ್ರದಲ್ಲಿ ದೊಡ್ಡ ವೇದಿಕೆ ನಿಲ್ಲಿಸುವುದೋ, ಇದೆಲ್ಲ ಜನರ ಮತ ಕೇಳುವ ವಿಷಯವೇ? ನಾನು ಹಡಗಿನ ಎಂಜಿನ್ ರೂಮಿನಲ್ಲಿ ಬದುಕು ಕಳೆದವನು. ಹತ್ತು ಜನರನ್ನು ಕೇಳಿದರೆ ಹನ್ನೊಂದು ಮಾತು ಬರುತ್ತವೆ, ಕೆಲಸ ಕೆಡುತ್ತದೆ. ಬಲ್ಲವರು ವಿನ್ಯಾಸ ಮಾಡಲಿ, ದುಡ್ಡಿರುವವರು ಕಟ್ಟಲಿ, ಇಷ್ಟವಿದ್ದವರು ಹೋಗಿ ಇರಲಿ." (ಬರೆದವರು ನಿವೃತ್ತ ಮರೈನ್ ಎಂಜಿನಿಯರ್. ಹೆಸರು ಬೇಡ ಎಂದಿದ್ದಾರೆ.)

ಉತ್ತರ:

ಮಾನ್ಯರೇ, ಖಾರವಾಗಿ ಬರೆದಿದ್ದೀರಿ, ಸಂತೋಷ. ಸಮುದ್ರದ ಬಗ್ಗೆ ಬರೆಯುವವರು ಜಾಸ್ತಿ, ಅದರ ಮೇಲೆ ದುಡಿದವರು ಬರೆಯುವುದು ಕಡಿಮೆ. ಅದಕ್ಕೇ ನಿಮಗೆ ಇಷ್ಟುದ್ದ ಉತ್ತರ.

ನಿಮ್ಮ ಮಾತಿನಲ್ಲಿರುವ ನ್ಯಾಯವನ್ನು ಮೊದಲೇ ಒಪ್ಪಿಬಿಡುತ್ತೇನೆ. 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರಾಪ್ನರ್ ಅನಿಲ ವೇದಿಕೆಯಲ್ಲಿ ದಾಖಲಾದ ಅಲೆಯ ಎತ್ತರ 25 ಮೀಟರಿಗೂ ಜಾಸ್ತಿ. ಅಂಥದ್ದರ ಎದುರು ಯಾರ ಬಹುಮತವೂ ನಡೆಯುವುದಿಲ್ಲ. ನೈಜೀರಿಯಾದ ಲಾಗೋಸ್ ನಗರದ ಮಕೋಕೋದಲ್ಲಿ, ನೀರಿನ ಮೇಲೆಯೇ ಬದುಕುವ ಜನರ ಜೊತೆ ಸೇರಿ ವಾಸ್ತುಶಿಲ್ಪಿ ಕುನ್ಲೆ ಅಡೆಯೆಮಿ ಕಟ್ಟಿದ ತೇಲುವ ಶಾಲೆ 2016ರ ಜೂನ್‌ನಲ್ಲಿ ಮಳೆಗಾಳಿಗೆ ಕುಸಿಯಿತು. ಜನರ ಪ್ರೀತಿ ಇದ್ದ ಮಾತ್ರಕ್ಕೆ ಮರದ ಚೌಕಟ್ಟು ನಿಲ್ಲುವುದಿಲ್ಲ. ಲೆಕ್ಕ ಬಲ್ಲವರು ಬೇಕೇ ಬೇಕು. ಇದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.

ಆದರೆ ಒಂದು ಮಾತು ಹೇಳಿ. ಮನೆ ಎಷ್ಟು ಓಲಾಡಿದರೆ ಪರವಾಗಿಲ್ಲ ಎಂದು ನಿಮ್ಮ ಲೆಕ್ಕಕ್ಕೆ ತಿಳಿಸಿದವರು ಯಾರು? 1970ರ ದಶಕದಲ್ಲಿ ಅಮೆರಿಕದ ಸಂಶೋಧಕರು ನೂರಾರು ಯುವಕರನ್ನು ಮೇಲೆ ಕೆಳಗೆ ಚಲಿಸುವ ಕೋಣೆಯಲ್ಲಿ ಕೂರಿಸಿ, ಯಾರಿಗೆ ಎಷ್ಟು ಹೊತ್ತಿಗೆ ವಾಂತಿ ಬರುತ್ತದೆ ಎಂದು ಬರೆದುಕೊಂಡರು. ಸುಮಾರು ಐದಾರು ಸೆಕೆಂಡಿಗೊಮ್ಮೆ ಏರಿಳಿಯುವ ಚಲನೆಯೇ ಮನುಷ್ಯನಿಗೆ ಅತಿ ಕಷ್ಟ ಎಂದು ಗೊತ್ತಾಗಿದ್ದು ಹಾಗೆ. ಹಡಗಿನ ವಿನ್ಯಾಸಕಾರರು ಆ ಅಂಕಿಗಳನ್ನು ಇವತ್ತಿಗೂ ಬಳಸುತ್ತಾರೆ. ಅಂದರೆ ನೀವು ಅಷ್ಟು ನಂಬುವ ಲೆಕ್ಕವೂ ಮನುಷ್ಯರನ್ನು ವಿಚಾರಿಸಿಯೇ ಹುಟ್ಟಿದ್ದು. ಅಲ್ಲಿ ಕೂತವರೆಲ್ಲ ಗಟ್ಟಿಮುಟ್ಟಾದ ಯುವಕರು. ಬಸುರಿಗೆ ಎಷ್ಟು ಓಲಾಟ ಸಹ್ಯ? ಎಪ್ಪತ್ತು ದಾಟಿದವರಿಗೆ? ಒಂದು ವಾರದ ಪ್ರಯಾಣದಲ್ಲಿ ಹಲ್ಲು ಕಚ್ಚಿ ತಡೆದುಕೊಳ್ಳುವುದು ಬೇರೆ, ಅಲ್ಲೇ ಸಂಸಾರ ಹೂಡಿ ಮಗು ಸಾಕುವುದು ಬೇರೆ. ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ವೇದಿಕೆಯ ಗಾತ್ರ ನಿಂತಿದೆ, ಗಾತ್ರದ ಮೇಲೆ ಖರ್ಚು ನಿಂತಿದೆ, ತೀರದ ಹತ್ತಿರವೋ ದೂರವೋ ಎನ್ನುವುದೂ ಅಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಕೇಳೋಣ ಎಂದರೆ ಆಮೇಲೆ ಕೇಳಿ ಏನು ಪ್ರಯೋಜನ?

ಕೇಳದೆ ಕಟ್ಟಿದವರ ಕಥೆ ನೋಡೋಣ. ಇಟಲಿಯ ಎಂಜಿನಿಯರ್ ಜಾರ್ಜೋ ರೋಸಾ ರಿಮಿನಿ ತೀರದಿಂದ ಸುಮಾರು 11 ಕಿ.ಮೀ. ದೂರದಲ್ಲಿ ಕಂಬಗಳ ಮೇಲೆ 400 ಚದರ ಮೀಟರಿನ ವೇದಿಕೆ ನಿಲ್ಲಿಸಿ, 1968ರಲ್ಲಿ ಅದನ್ನು ಸ್ವತಂತ್ರ ದೇಶ ಎಂದು ಸಾರಿದರು. ಅವರ ಎಂಜಿನಿಯರಿಂಗ್ ಎಷ್ಟು ಗಟ್ಟಿಯಾಗಿತ್ತೆಂದರೆ 1969ರಲ್ಲಿ ಇಟಲಿಯ ನೌಕಾಪಡೆ ಎರಡು ಸಲ ಸಿಡಿಮದ್ದು ಸಿಡಿಸಿದರೂ ಅದು ಪೂರ್ತಿ ಬೀಳಲಿಲ್ಲ, ಕೊನೆಗೆ ಬಿರುಗಾಳಿ ಬಂದು ಮುಳುಗಿಸಬೇಕಾಯಿತು. ಅಷ್ಟು ಗಟ್ಟಿ ಕಟ್ಟಿಯೂ ಆ 'ದೇಶ' ಒಂದು ವರ್ಷ ಉಳಿಯಲಿಲ್ಲ. ಪೆಸಿಫಿಕ್‌ನ ಮಿನರ್ವಾ ಹವಳದ ದಿಬ್ಬಗಳ ಮೇಲೆ ಕೆಲವು ಹಣವಂತರು ಮರಳು ಸುರಿದು 1972ರಲ್ಲಿ ಗಣರಾಜ್ಯ ಘೋಷಿಸಿದರು. ಅದು ತಮ್ಮ ಜನ ಹಿಂದಿನಿಂದ ಮೀನು ಹಿಡಿಯುತ್ತಿದ್ದ ಜಾಗ ಎಂದು ಟೋಂಗಾ ಅದೇ ವರ್ಷ ಅದನ್ನು ತನ್ನದಾಗಿಸಿಕೊಂಡಿತು. 2019ರಲ್ಲಿ ಥಾಯ್ಲೆಂಡಿನ ಫುಕೆಟ್ ಆಚೆ ಒಂದು ಜೋಡಿ ತೇಲುವ ಮನೆಯಲ್ಲಿ ವಾಸ ಮಾಡಿತು. ಗಡಿಯ ಹೊರಗಿದ್ದೇವೆ, ಯಾರ ಅನುಮತಿಯೂ ಬೇಕಿಲ್ಲ ಎನ್ನುವುದು ಅವರ ನಂಬಿಕೆ. ದೇಶದ ಸಾರ್ವಭೌಮತ್ವಕ್ಕೆ ಧಕ್ಕೆ ಎಂದು ಥಾಯ್ ನೌಕಾಪಡೆ ಬಂದು ಮನೆಯನ್ನೇ ಎಳೆದುಕೊಂಡು ಹೋಯಿತು.

ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾಕ್ಕೆ ಸೇರಿದ ತಾಹಿಟಿ ದ್ವೀಪದ ಕಥೆ ಇವಕ್ಕಿಂತ ಮುಖ್ಯ, ಯಾಕೆಂದರೆ ಅಲ್ಲಿದ್ದವರು ಹುಚ್ಚು ಸಾಹಸಿಗಳಲ್ಲ. 2008ರಲ್ಲಿ ಪ್ಯಾಟ್ರಿ ಫ್ರೀಡ್‌ಮನ್ ಮತ್ತು ವೇಯ್ನ್ ಗ್ರಾಮ್ಲಿಚ್ ಸೇರಿ ಶುರು ಮಾಡಿದ, ಅಮೆರಿಕದ ಸಿರಿವಂತ ಹೂಡಿಕೆದಾರ ಪೀಟರ್ ಥೀಲ್ ಐದು ಲಕ್ಷ ಡಾಲರ್ ಕೊಟ್ಟು ಬೆಂಬಲಿಸಿದ, ಕಡಲ ಮೇಲೆ ಊರು ಕಟ್ಟುವುದೇ ಗುರಿಯಾದ ಸೀಸ್ಟೆಡಿಂಗ್ ಇನ್‌ಸ್ಟಿಟ್ಯೂಟ್ ವರ್ಷಗಟ್ಟಲೆ ಅಧ್ಯಯನ ಮಾಡಿ, ತೆರೆದ ಸಮುದ್ರದ ಖರ್ಚು ತಡೆಯಲಾಗದು, ಹವಳದ ದಿಬ್ಬ ಅಲೆ ತಡೆಯುವ ಶಾಂತ ನೀರಿನ ಲಗೂನ್ ಒಳಗೆ ಒಂದು ದೇಶದ ಒಪ್ಪಿಗೆ ಪಡೆದೇ ಶುರು ಮಾಡೋಣ ಎಂಬ ತೀರ್ಮಾನಕ್ಕೆ ಬಂತು. ಒಳ್ಳೆಯ ತೀರ್ಮಾನವೇ. 2017ರ ಜನವರಿಯಲ್ಲಿ ಫ್ರೆಂಚ್ ಪಾಲಿನೇಷ್ಯಾದ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. ಪರಿಸರಕ್ಕೆ ಏನಾಗುತ್ತದೆ, ಊರಿಗೆ ಏನು ಸಿಗುತ್ತದೆ ಎಂಬ ಅಧ್ಯಯನ ಸಹಿಯ ನಂತರ ಆಗಬೇಕಿತ್ತು. ಅಲ್ಲಿನ ಜನರು ಕೇಳಿದ್ದು ಸರಳ ಪ್ರಶ್ನೆಗಳು: ಇದು ನಮ್ಮ ಲಗೂನ್, ಇಲ್ಲಿಗೆ ಬರುವವರು ಯಾರು, ತೆರಿಗೆ ಉಳಿಸಲು ಬರುವ ಹಣವಂತರೇ, ನಮ್ಮ ದೋಣಿ ಎಲ್ಲಿ ಹೋಗಬೇಕು? ವಿರೋಧ ಬೆಳೆಯಿತು, ಚುನಾವಣೆ ಹತ್ತಿರ ಬಂತು, 2018ರಲ್ಲಿ ಸರ್ಕಾರ ಕೈಬಿಟ್ಟಿತು. ಮಂತ್ರಿಗಳನ್ನು ಕೇಳಿದ್ದರು, ವಿನ್ಯಾಸಕಾರರನ್ನು ಕೇಳಿದ್ದರು. ದಿನಾ ಬೆಳಗ್ಗೆ ಆ ನೀರಿಗೆ ಇಳಿಯುವವರ ಸರದಿ ಮಾತ್ರ ಕೊನೆಗೆ ಬಂತು.

ಕಾನೂನೂ ಇದನ್ನೇ ಹೇಳುತ್ತದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ತೀರದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ. ವರೆಗೆ ಕೃತಕ ದ್ವೀಪ ಕಟ್ಟುವ, ಕಟ್ಟಲು ಬಿಡುವ ಹಕ್ಕು ಆ ತೀರದ ದೇಶದ್ದು ಮಾತ್ರ. ಕಟ್ಟಿದ ದ್ವೀಪಕ್ಕೆ ತನ್ನದೇ ಸಮುದ್ರ ಗಡಿಯೂ ಇರುವುದಿಲ್ಲ. ಅದರಾಚೆ ಹೋದರೆ ಕಟ್ಟಬಹುದು, ಆದರೆ ಆಸ್ಪತ್ರೆ ಎಷ್ಟು ದೂರ, ಬಿರುಗಾಳಿಯಲ್ಲಿ ಯಾರು ಬರುತ್ತಾರೆ, ನೀವೇ ಹೇಳಿ. ಹಾಗಾಗಿ ತೀರದ ಜನರ ಒಪ್ಪಿಗೆ ಇಲ್ಲದೆ ನೆಲೆ ನಿಲ್ಲುವುದಿಲ್ಲ.

ಹಳೆಯ ಹಡಗು ಕೊಳ್ಳುವ ದಾರಿ ನಿಮಗೆ ಹತ್ತಿರದ್ದು ಅಲ್ವಾ? 2020ರಲ್ಲಿ ಒಂದು ತಂಡ ಹಳೆಯ ಪ್ರವಾಸಿ ಹಡಗೊಂದನ್ನು ಕೊಂಡು ಪನಾಮಾ ಬಳಿ ತೇಲುವ ಊರಾಗಿಸುತ್ತೇವೆ ಎಂದು ಹೊರಟಿತು. ವಿಮೆ ಕೊಡುವವರು ಸಿಗಲಿಲ್ಲ. ಜನ ಅಲ್ಲಿಗೆ ಹೋಗಿ ನೆಲೆಸುವ ಮೊದಲೇ ಯೋಜನೆ ಮುಗಿದುಹೋಯಿತು. ಅದರ ಪಕ್ಕದಲ್ಲಿ 2002ರಿಂದ ಓಡಾಡುತ್ತಿರುವ 'ದಿ ವರ್ಲ್ಡ್' ಹಡಗನ್ನು ಇಟ್ಟು ನೋಡಿ. ಅದರಲ್ಲಿ 165 ಮನೆಗಳು. ಮನೆಯವರೇ ಹಡಗಿನ ಒಡೆಯರು, ಮುಂದೆ ಯಾವ ಬಂದರಿಗೆ ಹೋಗಬೇಕು ಎನ್ನುವುದನ್ನೂ ಅವರೇ ಆರಿಸುತ್ತಾರೆ. ಅದು ತುಂಬಾ ಶ್ರೀಮಂತರ ಲೋಕ, ಎಲ್ಲರಿಗೂ ಮಾದರಿ ಆಗಲಾರದು. ಆದರೆ ಹತ್ತು ಜನ ಹನ್ನೊಂದು ಮಾತು ಆಡಿಯೂ ಹಡಗು ಎರಡು ದಶಕದಿಂದ ಓಡುತ್ತಿದೆ.

ನನ್ನ ಮನಸ್ಸಿಗೆ ತುಂಬಾ ಹಿಡಿಸಿದ್ದು ಆಮ್‌ಸ್ಟರ್‌ಡ್ಯಾಮಿನ ಸ್ಕೋನ್‌ಸ್ಕಿಪ್. ಕಾಲುವೆಯ ಮೇಲೆ 30 ತೇಲುವ ಕಟ್ಟಡಗಳು, 46 ಸಂಸಾರಗಳು. ಸಮುದ್ರವಲ್ಲ, ಶಾಂತ ನೀರು, ಗೊತ್ತು. ಆದರೆ ಅಲ್ಲಿ ಮೊದಲು ಸೇರಿದ್ದು ಜನ, ಆಮೇಲೆ ಬಂದಿದ್ದು ನಕ್ಷೆ. ಮನೆ ಎಲ್ಲಿ ನಿಲ್ಲಬೇಕು, ಸೌರ ವಿದ್ಯುತ್ತನ್ನು ನೆರೆಮನೆಗೆ ಹೇಗೆ ಹಂಚಬೇಕು ಎಂದು ಕೂತು ಮಾತಾಡಿದರು, ಜಗಳವಾಡಿದರು, ಮತ್ತೆ ಕೂತರು. 2008ರ ಸುಮಾರಿಗೆ ಹುಟ್ಟಿದ ಯೋಚನೆಗೆ ಮನೆಗಳು ತೇಲಿಬರಲು ಹತ್ತು ವರ್ಷ ಹಿಡಿಯಿತು. ನಿಮಗೆ ಆ ಹತ್ತು ವರ್ಷ ದಂಡ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲದ ನೂರು ಜನರನ್ನು ಒಯ್ದು, ಸುತ್ತ ನೀರಿರುವ, ಸಿಟ್ಟು ಬಂದರೆ ಎದ್ದು ಹೊರಗೆ ಹೋಗಲಾಗದ ಜಾಗದಲ್ಲಿ ಬಿಟ್ಟರೆ ಏನಾಗುತ್ತದೆ ಎನ್ನುವುದು ಹಡಗಿನಲ್ಲಿ ದುಡಿದ ನಿಮಗೆ ನಾನು ಹೇಳಬೇಕೇ?

ನಿಮ್ಮ ಮೇಲೆ ಸ್ವಲ್ಪ ಕೋಪ ಬಂದಿದ್ದೂ ಇಲ್ಲಿಯೇ. ಎಂಜಿನ್ ರೂಮಿನವರು ಹೀಗೆ ಬರೆಯಬಾರದು. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಒಂದು ಪಂಪಿನ ಸುರಕ್ಷತಾ ವಾಲ್ವ್ ತೆಗೆದಿದ್ದರು, ರಾತ್ರಿ ಪಾಳಿಯವರಿಗೆ ಆ ಸಂಗತಿ ತಲುಪಲಿಲ್ಲ, ಅವರು ಪಂಪ್ ಚಾಲೂ ಮಾಡಿದರು. ಬೆಂಕಿ ಕಾಣುತ್ತಿದ್ದರೂ ಪಕ್ಕದ ವೇದಿಕೆಗಳಿಂದ ತೈಲ, ಅನಿಲ ಹರಿದು ಬರುತ್ತಲೇ ಇತ್ತು. ಮರುವರ್ಷ ಬ್ರಿಟನ್ನಿನಲ್ಲಿ ನಿಯಮ ಬಂತು: ಸಮುದ್ರದ ಪ್ರತಿ ವೇದಿಕೆಯಲ್ಲೂ ಕೆಲಸಗಾರರು ತಮ್ಮೊಳಗಿಂದಲೇ ಸುರಕ್ಷತಾ ಪ್ರತಿನಿಧಿಗಳನ್ನು ಆರಿಸಬಹುದು, ಅವರು ತಪಾಸಣೆ ಮಾಡಬಹುದು, ಪ್ರಶ್ನೆ ಕೇಳಬಹುದು. ಅಲ್ಲಿ ಮಲಗಿ ಏಳುವವರ ಮಾತಿಗೆ ಬೆಲೆ ಬರಲು ಅಷ್ಟು ಜೀವ ಹೋಗಬೇಕಾಯಿತು. ಬರೀ ಕೆಲಸದ ಪಾಳಿಗೆ ಬರುವವರಿಗೇ ಈ ಹಕ್ಕು ಬೇಕಾದರೆ, ಮಕ್ಕಳನ್ನು ಕರೆದುಕೊಂಡು ಬಂದು ಜೀವಮಾನ ಕಳೆಯುವವರಿಗೆ ಬೇಡವೇ?

ಇದು ಸಮುದ್ರಕ್ಕೆ ಮಾತ್ರ ಅಂಟಿದ ರೋಗವೂ ಅಲ್ಲ. ರಸ್ತೆ ಇರಲಿ, ಅಣೆಕಟ್ಟು ಇರಲಿ, ಬಡಾವಣೆ ಇರಲಿ, ಎಲ್ಲ ಕಡೆಯೂ ಇದೇ ನಡೆಯುತ್ತದೆ. ನಕ್ಷೆ ಅಚ್ಚಾದ ಮೇಲೆ ಅಹವಾಲು ಸಭೆ. ವೇದಿಕೆಯ ಮೇಲೆ ಗಣ್ಯರು, ಕೆಳಗೆ ಕುರ್ಚಿಗಳಲ್ಲಿ ಜನ, ಒಬ್ಬೊಬ್ಬರಿಗೆ ಎರಡು ನಿಮಿಷ. 'ನಿಮ್ಮ ಸಲಹೆ ಪರಿಶೀಲಿಸುತ್ತೇವೆ' ಎಂದು ಬರೆದುಕೊಳ್ಳುತ್ತಾರೆ, ಕಾಮಗಾರಿಯ ಗುತ್ತಿಗೆ ಆಗಲೇ ಕೊಟ್ಟಾಗಿರುತ್ತದೆ. ಅದನ್ನು ನೋಡಿ ನೋಡಿ ನಿಮ್ಮಂಥವರಿಗೂ 'ಕೇಳಿ ಏನಾಗಬೇಕು' ಅನಿಸಿದೆ. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ಮದ್ದು ಮೊದಲೇ ಕೇಳುವುದು.

ಇನ್ನೂ ನೋವಿನ ಸಂಗತಿ ಒಂದಿದೆ. ಫಿಲಿಪ್ಪೀನ್ಸ್, ಮಲೇಷ್ಯಾ, ಇಂಡೋನೇಷ್ಯಾ ನಡುವಿನ ಕಡಲಿನಲ್ಲಿ ಬಜಾವ್ ಜನ ತಲೆತಲಾಂತರದಿಂದ ದೋಣಿಗಳಲ್ಲಿ, ನೀರಿನ ಮೇಲಿನ ಗುಡಿಸಲುಗಳಲ್ಲಿ ಬದುಕಿದ್ದಾರೆ. ಮುಳುಗಿ ಮೀನು ಹಿಡಿಯುವ ಈ ಜನರ ಗುಲ್ಮ (ರಕ್ತ ಕೂಡಿಟ್ಟುಕೊಳ್ಳುವ ಹೊಟ್ಟೆಯೊಳಗಿನ ಅಂಗ) ನೆಲದ ಮೇಲಿನ ನೆರೆಯವರಿಗಿಂತ ದೊಡ್ಡದು ಎಂದು 2018ರಲ್ಲಿ ವಿಜ್ಞಾನಿಗಳು ತೋರಿಸಿದರು. ಕಡಲ ಬದುಕಿಗೆ ದೇಹವೇ ಒಗ್ಗಿದೆ. ಇವರಲ್ಲಿ ಅನೇಕರಿಗೆ ಯಾವ ದೇಶದ ಪೌರತ್ವವೂ ಇಲ್ಲ. 2024ರ ಜೂನ್‌ನಲ್ಲಿ ಮಲೇಷ್ಯಾದ ಸಬಾದಲ್ಲಿ ಇವರ ಎಷ್ಟೋ ಮನೆಗಳನ್ನು ಕೆಡವಿ ಹಾಕಿದರು. ಒಂದು ಕಡೆ ತೇಲುವ ನಗರಗಳ ಹೊಳೆಯುವ ಚಿತ್ರಗಳು ಬರುತ್ತಲೇ ಇವೆ, ಇನ್ನೊಂದು ಕಡೆ ನಿಜವಾಗಿ ಕಡಲ ಮೇಲೆ ಬದುಕಿದವರಿಗೆ ಮನೆಯಿಲ್ಲ. ಬಲ್ಲವರು ವಿನ್ಯಾಸ ಮಾಡಲಿ ಎಂದಿರಲ್ಲ, ಇವರಿಗಿಂತ ಬಲ್ಲವರು ಯಾರು?

ನಮ್ಮ ಪ್ರಶ್ನೆಗೆ ಬಂದ ಪತ್ರಗಳ ವಿಷಯ ಹೇಳಿ ಮುಗಿಸುತ್ತೇನೆ. ಹೆಚ್ಚಿನವರು ಹಡಗೋ ವೇದಿಕೆಯೋ ಎಂಬ ಗೋಜಿಗೇ ಹೋಗಿಲ್ಲ. ಒಬ್ಬ ನರ್ಸ್, ಹೆರಿಗೆ ಕಷ್ಟವಾದರೆ ಎಷ್ಟು ಹೊತ್ತಿನಲ್ಲಿ ತೀರ ಸೇರಬಹುದು ಎಂದು ಕೇಳಿದ್ದಾರೆ. ಅವರ ಪ್ರಕಾರ ದೂರವನ್ನು ಮೈಲಿಯಲ್ಲಿ ಅಳೆಯದೆ ಗಂಟೆಯಲ್ಲಿ ಅಳೆಯಬೇಕು, ನೆಲೆ ಅದರೊಳಗೇ ಇರಬೇಕು. ಕಿವಿ ಕೇಳದ ಓದುಗರೊಬ್ಬರು ಅಪಾಯದ ಸೈರನ್ ಜೊತೆ ದೀಪವೂ ಇರಲಿ ಎಂದಿದ್ದಾರೆ. ಇನ್ನೊಬ್ಬರ ಪ್ರಶ್ನೆ: ಬೇಡ ಅನಿಸಿ ಬಿಟ್ಟುಹೋಗುವವರಿಗೆ ಹಾಕಿದ ದುಡ್ಡು ವಾಪಸ್ ಬರುತ್ತದೆಯೇ, ಇಲ್ಲ ಮನೆಯನ್ನೇ ಕಳಚಿ ತೇಲಿಸಿಕೊಂಡು ಹೋಗಬಹುದೇ? ಈ ಕೊನೆಯದನ್ನು ಒಪ್ಪಿದರೆ ಇಡೀ ವಿನ್ಯಾಸವೇ ಬದಲಾಗುತ್ತದೆ. ಒಂದೇ ದೊಡ್ಡ ವೇದಿಕೆ ಹೋಗಿ, ಬೇಕಾದಾಗ ಜೋಡಿಸಿ ಬೇಡವಾದಾಗ ಬಿಡಿಸುವ ಸಣ್ಣ ಸಣ್ಣ ತುಂಡುಗಳು ಬರುತ್ತವೆ. ಶಾಂತ ನೀರಿನಲ್ಲಿ, ತೀರದವರ ಒಪ್ಪಿಗೆಯಿಂದ, ಸಣ್ಣದಾಗಿ ಶುರು ಮಾಡಬೇಕು ಎಂದು ನಾನು ವಾದಿಸುವುದು ಇದಕ್ಕೇ.

ಇನ್ನು ನಿಮ್ಮಿಂದ ನನಗೊಂದು ಕೆಲಸ ಆಗಬೇಕು. ಕುಡಿಯುವ ನೀರು ಮಾಡುವ ಯಂತ್ರ ಕೆಟ್ಟ ದಿನ ಹಡಗಿನಲ್ಲಿ ಏನೇನು ನಡೆಯುತ್ತದೆ, ಶೌಚದ ನೀರು ಎಲ್ಲಿ ಹೋಗುತ್ತದೆ, ಬಿಡಿಭಾಗ ಬರುವವರೆಗೆ ಎಷ್ಟು ದಿನದ ದಾಸ್ತಾನು ಕೈಯಲ್ಲಿರಬೇಕು, ಇದನ್ನೆಲ್ಲ ಕೂತು ಬರೆದು ಕಳಿಸಿ. ಎಷ್ಟು ಪುಟವಾದರೂ ಸರಿ. ಆ ನರ್ಸ್ ಬರೆದ ಪತ್ರದ ಪಕ್ಕದಲ್ಲೇ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ