ಲೇಥ್‌ನಲ್ಲಿ ಕಡೆದ ಮರದ ಹೂದಾನಿಯ ಮೇಲೆ ಕೈಯಿಂದ ಕೆತ್ತನೆ ಮಾಡುವುದು ಹೇಗೆ?

ಕಡೆಯುವಾಗಲೇ ಕೆತ್ತನೆಗೆಂದು ಮರ ಉಳಿಸಿಕೊಳ್ಳಿ. 3 ಮಿ.ಮೀ. ಆಳ ಕೆತ್ತುವುದಾದರೆ ಗೋಡೆ 10 ಮಿ.ಮೀ. ಆದರೂ ಇರಲಿ. ಲೇಥ್‌ನಿಂದ ಬಿಚ್ಚುವ ಮುನ್ನವೇ ಸುತ್ತಳತೆಯನ್ನು 12 ಅಥವಾ 24 ಸಮಭಾಗ ಮಾಡಿ ಗೆರೆ ಎಳೆಯಿರಿ.

ನಮ್ಮ ಬೀದರ್‌ನ ಬಿದರಿ ಕುಶಲಕರ್ಮಿಗಳು ನಯಗೊಳಿಸಿದ ಲೋಹಕ್ಕೆ ಮೈಲುತುತ್ತ ಸವರಿ ಕಪ್ಪಾಗಿಸುತ್ತಾರೆ; ಆಗ ಮೊನೆಯಿಂದ ಗೀರಿದ ಬಳ್ಳಿಯ ಎಳೆ ಬೆಳ್ಳಗೆ ಎದ್ದು ಕಾಣುತ್ತದೆ, ಆಮೇಲೆಯೇ ಉಳಿ. ಮರಕ್ಕೂ ಅದೇ ಶಿಸ್ತು ಬೇಕು: ಗೆರೆ ಸ್ಪಷ್ಟವಾಗದೆ ಉಳಿ ಮುಟ್ಟಬೇಡಿ.

ನಾರು ಉದ್ದಕ್ಕೆ ಓಡುವ ಹೂದಾನಿಯಲ್ಲಿ ಉಬ್ಬಿದ ಹೊಟ್ಟೆಯಿಂದ ಕತ್ತಿನತ್ತ, ಮತ್ತೆ ಹೊಟ್ಟೆಯಿಂದಲೇ ಬುಡದತ್ತ ಕೆತ್ತಿ. ಎದುರು ಹೋದರೆ ನಾರು ಸೀಳಿ ಚಕ್ಕೆ ಏಳುತ್ತದೆ. ಮರಳುಕಾಗದ ಕೊನೆಗೆ ಮಾತ್ರ. ಮೊದಲೇ ಉಜ್ಜಿದರೆ ಮರದಲ್ಲಿ ಸಿಕ್ಕಿಕೊಂಡ ಹರಳು ಉಳಿಯ ಹರಿತವನ್ನು ಕೆಡಿಸುತ್ತದೆ.